ಮರದಡಿಯ ಪಾತಿಗೆ ಬೆಳ್ಳಿ ಎಲೆಯ ಗಿಡ

ಮರದ ಬುಡದಲ್ಲಿ ನೆಟ್ಟ ಗಿಡ ಸೊರಗಿದರೆ ಎಲ್ಲರೂ ದೂರುವುದು ನೆರಳನ್ನು. ಅಲ್ಯುಮಿನಿಯಂ ಗಿಡ (ಪೈಲಿಯಾ ಕಾಡಿಯರೈ) ಬೆಳೆಸುತ್ತ ನನಗೆ ಮನವರಿಕೆಯಾದದ್ದೇನೆಂದರೆ, ಅಲ್ಲಿ ಬೆಳಕಿಗಿಂತ ಮೊದಲು ನೀರು ಸಾಲದಾಗುತ್ತದೆ. ಮರದ ಸಣ್ಣ ಬೇರುಗಳು ಮೇಲ್ಮಣ್ಣಿನಲ್ಲೇ ಹೆಣೆದುಕೊಂಡಿರುತ್ತವೆ. ಹಾಕಿದ ನೀರು, ಗೊಬ್ಬರ ಎರಡೂ ಮೊದಲು ಅವುಗಳ ಪಾಲು.

ವಿಯೆಟ್ನಾಂ ಮತ್ತು ಚೀನಾ ಮೂಲದ ಈ ಗಿಡ ಒಂದಡಿ ಎತ್ತರಕ್ಕೆ ಬೆಳೆದು ಹಲವು ವರ್ಷ ಬಾಳುತ್ತದೆ. ತುರಿಕೆ ಗಿಡದ ಕುಟುಂಬಕ್ಕೇ ಸೇರಿದ್ದು, ಆದರೆ ಮುಟ್ಟಿದರೆ ತುರಿಸುವುದಿಲ್ಲ. ಎಲೆಯ ಮೇಲೆ ಬೆರಳಾಡಿಸಿದರೆ ಬೆಳ್ಳಿ ಮಚ್ಚೆಗಳು ತುಸು ಉಬ್ಬಿರುವುದು ತಿಳಿಯುತ್ತದೆ. ಎಲೆಯ ಮೇಲ್ಪೊರೆಗೂ ಅದರಡಿಯ ಹಸಿರು ಪದರಕ್ಕೂ ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಳಕನ್ನು ಹಿಂದಕ್ಕೆ ಚಿಮ್ಮಿಸಿ ಆ ಹೊಳಪು ಕೊಡುವುದು. ಅಂದರೆ ಅದು ಬಣ್ಣವೇ ಅಲ್ಲ! ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆ ಮಂಕಾಗಿ ಅಂಚು ಸುಡುತ್ತದೆ. ತೀರಾ ಕತ್ತಲಿದ್ದರೆ ಗೆಣ್ಣುಗಳ ನಡುವಿನ ಅಂತರ ಹೆಚ್ಚಿ ಗಿಡ ಕಡ್ಡಿಯಂತೆ ನೀಳವಾಗುತ್ತದೆ. ಕೊಂಬೆಗಳ ನಡುವೆ ಸೋಸಿ ಬರುವ ಬೆಳಕು, ಬೆಳಗಿನ ಒಂದೆರಡು ಗಂಟೆಯ ಎಳೆಬಿಸಿಲು ಸಾಕು.

ಪಾತಿಗೆಂದು ಇಡೀ ನೆಲ ಅಗೆಯುವುದಿಲ್ಲ. ಮರದ ದಪ್ಪ ಬೇರುಗಳನ್ನು ಬಿಟ್ಟು, ಅವುಗಳ ನಡುವೆ 15 ಸೆಂ.ಮೀ. ಆಳ, ಅಷ್ಟೇ ಅಗಲದ ಗುಂಡಿಗಳನ್ನು ಮಾಡುತ್ತೇನೆ. ಗುಂಡಿಯ ಮಣ್ಣು ಎರಡು ಪಾಲು, ಎರೆಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು ಬೆರೆಸಿ ತುಂಬಿದರೆ ಆಯಿತು. ಗಿಡದಿಂದ ಗಿಡಕ್ಕೆ 20–25 ಸೆಂ.ಮೀ. ಮರದ ಕಾಂಡಕ್ಕೆ ಮಣ್ಣು ಏರಿಸಬಾರದು, ತೊಗಟೆ ಕೊಳೆಯುತ್ತದೆ. ನೆಟ್ಟ ಮೇಲೆ ಎರಡು ಇಂಚು ತರಗೆಲೆ ಮುಚ್ಚಿಗೆ ಹಾಕಿ, ಗಿಡದ ಬುಡದ ಸುತ್ತ ಮಾತ್ರ ಒಂದಿಷ್ಟು ಜಾಗ ಖಾಲಿ ಬಿಡಬೇಕು.

ನೀರಿನ ವಿಷಯದಲ್ಲಿ ಗಿಡ ನಮ್ಮನ್ನು ಏಮಾರಿಸುತ್ತದೆ. ಒಣಗಿದರೂ ಎಲೆ ಜೋಲುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತರೂ ಜೋಲುತ್ತದೆ. ಹಾಗಾಗಿ ಎಲೆ ನೋಡಿ ನೀರು ಹಾಕುವುದಿಲ್ಲ. ತರಗೆಲೆ ಸರಿಸಿ ಬೆರಳಿನ ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡುವುದೇ ನಂಬಿಕೆಯ ದಾರಿ. ಮೇಲಿನ ಒಂದು ಇಂಚು ಒಣಗಿ ಅದರಡಿ ತಂಪಿದ್ದರೆ ನೀರು ಹಾಕುವ ಹೊತ್ತು. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಬುಡದ ಕಾಂಡ ಒತ್ತಿ ನೋಡಿ. ಮೆತ್ತಗಾಗಿ ಕಪ್ಪಾಗಿದ್ದರೆ ಆ ಗಿಡದ ಆಸೆ ಬಿಟ್ಟು, ತುದಿ ಇನ್ನೂ ಗಟ್ಟಿಯಿದ್ದರೆ ಅದನ್ನು ಕತ್ತರಿಸಿ ಹೊಸ ಗಿಡಕ್ಕೆ ಊರುವ ಕಡ್ಡಿ ಮಾಡಿಕೊಳ್ಳುವುದು ಜಾಣತನ. ತುಂತುರು ಮಳೆ ಮರದಡಿಯ ಮಣ್ಣಿಗೆ ಇಳಿಯುವುದೇ ಇಲ್ಲ, ಮಳೆಯಾಯಿತೆಂದು ಸುಮ್ಮನಿರಬೇಡಿ.

ಚಿವುಟುವುದು ತಪ್ಪಿದರೆ ಈ ಗಿಡಕ್ಕೆ ಅಂದವಿಲ್ಲ. 15 ಸೆಂ.ಮೀ. ಎತ್ತರವಾದಾಗ ತುದಿಯ ಒಂದು ಜೊತೆ ಎಲೆಯನ್ನು ಉಗುರಿನಿಂದ ಚಿವುಟಿದರೆ, ಅದರ ಕೆಳಗಿನ ಎರಡೂ ಎಲೆಗಳ ಕಂಕುಳಿನಿಂದ ಚಿಗುರೊಡೆಯುತ್ತದೆ. ಆ ಚಿಗುರುಗಳಿಗೂ ಮೂರು ಜೊತೆ ಎಲೆ ಬಂದಾಗ ಮತ್ತೊಮ್ಮೆ. ಸಣ್ಣ ಬಿಳಿ ಹೂಗೊಂಚಲು ಬಂದರೆ ಅದನ್ನೂ ತೆಗೆಯುತ್ತೇನೆ, ನೋಡುವಂಥದ್ದೇನಿಲ್ಲ. ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ಗಿಡಕ್ಕೊಂದು ಹಿಡಿ ಎರೆಗೊಬ್ಬರ ಸಾಕು. ಸಾರಜನಕ ಅತಿಯಾದರೆ ಕಾಂಡ ಮೆದುವಾಗಿ ಮಗುಚಿಕೊಳ್ಳುತ್ತದೆ.

ಎಷ್ಟು ಚಿವುಟಿದರೂ ಎರಡು ವರ್ಷಕ್ಕೆ ಬುಡ ಬೋಳಾಗುತ್ತದೆ. ಅದಕ್ಕೆ ಮೊದಲೇ 8–10 ಸೆಂ.ಮೀ. ಉದ್ದದ ತುದಿಗಳನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಕೆಳಗಿನ ಎರಡು ಜೊತೆ ಎಲೆ ತೆಗೆದು, ಒಂದು ಗೆಣ್ಣಾದರೂ ಹೂತುಹೋಗುವಂತೆ ಊರುತ್ತೇನೆ. ಊರುವ ಮಿಶ್ರಣಕ್ಕೆ ಮರಳು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮಪಾಲು. ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿಯಾಗಿ ನಿಂತರೆ ಕಿತ್ತು ನೆಡಬಹುದು.

ಎಲೆಯಲ್ಲಿ ರಾತ್ರೋರಾತ್ರಿ ತೂತು ಬಿದ್ದಿದ್ದರೆ ಬಸವನಹುಳು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಆರಿಸುವುದೇ ಮದ್ದು. ಗೆಣ್ಣಿನ ಸಂದಿಯಲ್ಲಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ: ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಚಳಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವ ಕಡೆಯಾದರೆ ಪಾತಿಯ ಗಿಡವನ್ನು ನೆಚ್ಚದೆ, ಒಂದೆರಡು ಕಡ್ಡಿಗಳನ್ನು ಕುಂಡದಲ್ಲಿ ಊರಿ ಒಳಗಿಟ್ಟುಕೊಳ್ಳಿ.