ಗಂಡು ಮರಿಯೋ ಹೆಣ್ಣು ಮರಿಯೋ: ಬೆಕ್ಕು ಸಾಕುವ ಮುನ್ನ

ಬೆಕ್ಕಿನ ಮರಿಯನ್ನು ಮನೆಗೆ ತರುವವರು ಮೊದಲು ಅದು ಗಂಡೋ ಹೆಣ್ಣೋ ಎಂಬುದನ್ನು ಸರಿಯಾಗಿ ಗುರುತಿಸಬೇಕು. ಬಾಲವನ್ನು ಮೆಲ್ಲನೆ ಎತ್ತಿ ನೋಡಿದಾಗ ಗುದದ್ವಾರಕ್ಕೆ ತೀರ ಸಮೀಪದಲ್ಲಿ ಉದ್ದನೆಯ ಸೀಳಿನಂಥ ರಂಧ್ರ ಕಂಡರೆ ಅದು ಹೆಣ್ಣು. ಎರಡರ ನಡುವೆ ಹೆಚ್ಚು ಅಂತರವಿದ್ದು, ಕೆಳಗಿನದು ದುಂಡನೆಯ ಚುಕ್ಕೆಯಂತಿದ್ದರೆ ಗಂಡು. ಕಪ್ಪು, ಕಿತ್ತಳೆ, ಬಿಳಿ ಮೂರೂ ಬಣ್ಣ ಬೆರೆತ ಮರಿಯಂತೂ ಬಹುತೇಕ ಯಾವಾಗಲೂ ಹೆಣ್ಣೇ ಆಗಿರುತ್ತದೆ.

ಇವೆರಡರ ವ್ಯತ್ಯಾಸ ಎದ್ದು ಕಾಣುವುದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದಿದ್ದಾಗ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬಂದು ರಾತ್ರಿಯಿಡೀ ಕೂಗಬಹುದು. ಗರ್ಭ ಧರಿಸಿದರೆ ಸುಮಾರು 65 ದಿನಗಳಲ್ಲಿ ಮರಿ ಹಾಕುತ್ತದೆ, ಆ ಮರಿಗಳಿಗೆಲ್ಲ ಮನೆ ಹುಡುಕುವುದು ಎಷ್ಟು ಕಷ್ಟವೆಂಬುದು ಹುಡುಕಿದವರಿಗೇ ಗೊತ್ತು. ಗಂಡು ಬೆಕ್ಕು ಗೋಡೆ, ಬಾಗಿಲುಗಳಿಗೆ ಕಟುವಾಸನೆಯ ಮೂತ್ರ ಸಿಂಪಡಿಸಿ ತನ್ನ ಗಡಿಯನ್ನು ಗುರುತಿಸುತ್ತದೆ, ಹೊರಗೆ ಅಲೆದು ಕಾದಾಡಿ ಗಾಯಗೊಂಡು ಮರಳುತ್ತದೆ. ಸುಮಾರು 5 ತಿಂಗಳ ವಯಸ್ಸಿನಲ್ಲಿ ಚಿಕಿತ್ಸೆ ಮಾಡಿಸಿದರೆ ಈ ತೊಂದರೆಗಳು ಬಹುಮಟ್ಟಿಗೆ ತಪ್ಪುತ್ತವೆ. ಹೆಣ್ಣಿಗೆ ಹೊಟ್ಟೆಯನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆಯಾದ್ದರಿಂದ ಖರ್ಚೂ ಆರೈಕೆಯೂ ತುಸು ಹೆಚ್ಚು.

ಗಂಡು ಬೆಕ್ಕನ್ನು ಆರಿಸಿಕೊಳ್ಳುವವರು ಒಂದು ವಿಷಯವನ್ನು ಮರೆಯಬಾರದು. ಅದರ ಮೂತ್ರನಾಳ ಕಿರಿದಾಗಿರುವುದರಿಂದ ಕಟ್ಟಿಕೊಳ್ಳುವ ಅಪಾಯವಿದ್ದು, ಪದೇ ಪದೇ ಕುಳಿತರೂ ಮೂತ್ರ ಬಾರದಿದ್ದರೆ ಮರುದಿನಕ್ಕೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ತಡವಾದರೆ ಪ್ರಾಣಕ್ಕೇ ಕುತ್ತು.

ಗಂಡು ಹೆಚ್ಚು ಸಲುಗೆಯದು, ಹೆಣ್ಣು ಬಿಗುಮಾನದ್ದು ಎಂಬ ಮಾತನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಎಂಟು ವಾರ ತುಂಬಿದ ಮರಿಯ ಬಳಿ ಅರ್ಧ ಗಂಟೆ ಕುಳಿತು, ಅದು ತಾನಾಗಿಯೇ ಹತ್ತಿರ ಬರುತ್ತದೆಯೇ, ಎತ್ತಿಕೊಂಡಾಗ ಬೆದರುತ್ತದೆಯೇ ಎಂದು ನೋಡಿ ನಿರ್ಧರಿಸುವುದು ಮೇಲು.