ಯುಗಾದಿ ಹೊತ್ತಿಗೆ ಲಾಲ್‌ಬಾಗ್‌ನಲ್ಲಿ ವಲಸೆ ಹಕ್ಕಿ ನೋಡುವುದು ಹೇಗೆ?

ವಲಸೆ ಹಕ್ಕಿ ಎಂದರೆ ಡಿಸೆಂಬರ್ ಎಂದುಕೊಂಡವರೇ ಹೆಚ್ಚು. ಮಾರ್ಚ್, ಏಪ್ರಿಲ್‌ನಲ್ಲಿ ಉತ್ತರಕ್ಕೆ ಹೊರಟು ನಿಂತ ಹಕ್ಕಿಗಳನ್ನು ನೋಡುವ ಸೊಗಸೇ ಬೇರೆ. ಹೊಸಬರು ಮಾತ್ರ ಗೇಟು ದಾಟಿದ್ದೇ ಕೆರೆಗೆ ಓಡುತ್ತಾರೆ, ನೀರುಕಾಗೆ ಎಣಿಸಿ ಮರಳುತ್ತಾರೆ. ನೋಡಬೇಕಾದ ಹಕ್ಕಿ ದಾರಿಯುದ್ದಕ್ಕೂ ಅವರ ತಲೆಯ ಮೇಲೇ ಇರುತ್ತದೆ.

ಮೊದಲು: ಬೆಳಿಗ್ಗೆ 6ಕ್ಕೆ ಒಳಗಿರಿ. 9ರ ಮೇಲೆ ಇಡ್ಲಿಯೇ ವಾಸಿ.

ಬೈನಾಕ್ಯುಲರ್: 8×42, ಅಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು, ಸಾಕು. ‘100 ಪಟ್ಟು ಜೂಮ್’ ಎಂದು ಅಗ್ಗಕ್ಕೆ ಮಾರುವುದನ್ನು ಕೊಳ್ಳಲೇಬೇಡಿ. ಕಾಣುವುದು ಮಂಜು, ಬರುವುದು ತಲೆನೋವು.

ಮರ: ಹೊಂಗೆ ಚಿಗುರಿ ಹೂಬಿಟ್ಟಿರುತ್ತದೆ. ಹೂವಿದ್ದಲ್ಲಿ ಹುಳ, ಹುಳವಿದ್ದಲ್ಲಿ ಹಕ್ಕಿ. ಅಲ್ಲೇ ನಿಲ್ಲಿ.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಹಸಿರು ಉಲಿಯಕ್ಕಿ, ಅಂದರೆ ಗ್ರೀನಿಷ್ ವಾರ್ಬ್ಲರ್, ಎಂಟು ಗ್ರಾಂ ತೂಗುವುದೂ ಕಷ್ಟ. ಎಲೆಯದೇ ಬಣ್ಣ, ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ. ಬೈನಾಕ್ಯುಲರ್ ಏರಿಸಿ ಹುಡುಕಿದರೆ ಕತ್ತು ನೋಯುತ್ತದೆ, ಅಷ್ಟೇ. ಉಲಿ ಎಂದರೆ ದನಿ. ಹೆಸರೇ ದಾರಿ ಹೇಳುತ್ತಿದೆ. ಕಣ್ಣು ಮುಚ್ಚಿ ನಿಲ್ಲಿ. ಮೇಲಿಂದ ‘ಚಿವೀ, ಚಿವೀ’ ಎಂದು ಚೂಪಾಗಿ ಕೇಳಿದರೆ ಅದೇ. ಹೊರಡುವ ಮುನ್ನ ಹಾಡುವುದೂ ಉಂಟು. ಕೆಳಗಿನ ಪೊದೆಯಿಂದ ‘ಚೆಕ್, ಚೆಕ್’ ಎಂದು ನಾಲಿಗೆ ಲೊಚಗುಟ್ಟಿದಂತಿದ್ದರೆ ಬ್ಲೈತ್ಸ್ ರೀಡ್ ವಾರ್ಬ್ಲರ್, ಕಂದು ಬಣ್ಣದ್ದು. ದನಿ ಗೊತ್ತಾದ ಮೇಲೆ ಬರಿಗಣ್ಣಲ್ಲಿ ಅಲುಗುವ ಎಲೆ ಹಿಡಿಯಿರಿ, ದೃಷ್ಟಿ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಹಸಿರು ಉಲಿಯಕ್ಕಿಯಾದರೆ ಕಣ್ಣಿನ ಮೇಲೆ ಉದ್ದನೆಯ ಮಾಸಲು ಹುಬ್ಬು ಕಾಣಬೇಕು. ಕಣ್ಣ ಸುತ್ತ ಬಿಳಿ ಉಂಗುರವಿದ್ದರೆ ಅದು ಬೆಳ್ಗಣ್ಣ. ಬಾಲ ನಿಗುರಿಸಿದ್ದರೆ ಟುವ್ವಿ, ಅಂದರೆ ಟೇಲರ್‌ಬರ್ಡ್. ಇವೆರಡೂ ಇಲ್ಲಿಯವೇ. ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್ ಹೇಳಿದ್ದನ್ನು ಸುಳಿವೆಂದು ನಂಬಿ, ತೀರ್ಪೆಂದು ಬೇಡ.

ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವವರೂ ಇದ್ದಾರೆ. ಹಿಮಾಲಯದವರೆಗೆ, ಅದರಾಚೆಗೂ ಹಾರಬೇಕಾದ ಜೀವ ಕೊಬ್ಬು ಕೂಡಿಸಿಕೊಳ್ಳುವ ಹೊತ್ತಿದು. ಆ ಕೂಗನ್ನು ಇನ್ನೊಂದು ಹಕ್ಕಿಯದೆಂದೇ ಅದು ನಂಬುತ್ತದೆ. ಇಲ್ಲದ ಎದುರಾಳಿಯನ್ನು ಹುಡುಕಿಸಿ ದಣಿಸಬೇಡಿ.

ಆಲ, ಅತ್ತಿ ಹಣ್ಣಾಗಿದ್ದರೆ ಗುಲಾಬಿ ಕಬ್ಬಕ್ಕಿ ಹಿಂಡು ಸಿಕ್ಕೀತು. ಏಪ್ರಿಲ್ ಕೊನೆಗೆ ಪೊದೆಯಡಿಯ ತರಗೆಲೆಗಳ ಮೇಲೂ ಕಣ್ಣಿರಲಿ. ನವರಂಗ, ಅಂದರೆ ಇಂಡಿಯನ್ ಪಿಟ್ಟಾ ಹಕ್ಕಿ, ಹಾದುಹೋಗುವ ಕಾಲ ಅದು.

ಹೋದ ದಿನವೆಲ್ಲ ಪಟ್ಟಿ ಬರೆಯಿರಿ. ಮೊದಲು ಕಂಡ ದಿನ ಎಲ್ಲರಿಗೂ ನೆನಪಿರುತ್ತದೆ. ಕಡೆಯ ಸಲ ನೋಡಿದ್ದು ಯಾವತ್ತು ಎಂಬುದು ಹಕ್ಕಿ ಹೋಗಿ ವಾರವಾದ ಮೇಲೆ, ಪುಟ ತಿರುವಿದರಷ್ಟೇ ತಿಳಿಯುವುದು.