ಮಹಿಳೆಯರ ಮೈಟ್ರಲ್ ಕವಾಟ ದುರಸ್ತಿ: ಸಣ್ಣ ಗಾಯದ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ವಿಚಾರಿಸಬೇಕಾದದ್ದು

ಎದೆಮೂಳೆಯನ್ನು ಸೀಳದೆ, ಬಲಗಡೆಯ ಪಕ್ಕೆಲುಬುಗಳ ನಡುವೆ ಐದಾರು ಸೆಂಟಿಮೀಟರ್ ಕೊಯ್ದು, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ದುರಸ್ತಿ ಮಾಡುವ ವಿಧಾನ ಈಗ ನಮ್ಮ ದೊಡ್ಡ ನಗರಗಳಲ್ಲೂ ಲಭ್ಯವಿದೆ. ಆದರೆ ಮೈಟ್ರಲ್ ಶಸ್ತ್ರಚಿಕಿತ್ಸೆಯ ಅಧ್ಯಯನಗಳಲ್ಲಿ ಒಂದು ಅಂಶ ಪದೇ ಪದೇ ಕಂಡುಬಂದಿದೆ: ಮಹಿಳೆಯರು ಪುರುಷರಿಗಿಂತ ಹೆಚ್ಚಿನ ವಯಸ್ಸಿನಲ್ಲಿ, ಕಾಯಿಲೆ ಬಲಿತ ಮೇಲೆ ಶಸ್ತ್ರಚಿಕಿತ್ಸೆಗೆ ಬರುತ್ತಾರೆ, ಮತ್ತು ಅವರ ಸ್ವಂತ ಕವಾಟವನ್ನು ಉಳಿಸುವ ಬದಲು ಕೃತಕ ಕವಾಟ ಕೂರಿಸುವ ಪ್ರಮಾಣವೂ ಹೆಚ್ಚು. ಈ ಅಂತರದ ದೊಡ್ಡ ಪಾಲು ಶಸ್ತ್ರಚಿಕಿತ್ಸೆಗೆ ಮುಂಚಿನ ವಿಳಂಬದಿಂದಲೇ ಹುಟ್ಟುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ಲಕ್ಷಣಗಳನ್ನು ಬರೆದಿಡಿ. ಮೆಟ್ಟಿಲು ಹತ್ತುವಾಗ ಏದುಸಿರು, ಅಂಗಾತ ಮಲಗಿದರೆ ಉಸಿರುಕಟ್ಟುವುದು, ಎದೆಬಡಿತದ ಏರುಪೇರು ಇವನ್ನು "ವಯಸ್ಸಾಯಿತು", "ರಕ್ತ ಕಡಿಮೆ" ಎಂದು ಮನೆಯವರೂ ಕೆಲವೊಮ್ಮೆ ವೈದ್ಯರೂ ತಳ್ಳಿಹಾಕುವುದುಂಟು.

ಎರಡನೆಯದಾಗಿ, ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯನ್ನು ದೇಹದ ಗಾತ್ರಕ್ಕೆ ಹೊಂದಿಸಿ ಓದಿಸಬೇಕು. ಇದು ಎಲ್ಲಕ್ಕಿಂತ ಮುಖ್ಯ. 2020ರ ಅಮೆರಿಕದ ಮಾರ್ಗಸೂಚಿಯ ಪ್ರಕಾರ, ಕವಾಟದ್ದೇ ದೋಷದಿಂದ ರಕ್ತ ಹಿಂದಕ್ಕೆ ತೀವ್ರವಾಗಿ ಸೋರುತ್ತಿದ್ದು ಲಕ್ಷಣಗಳಿಲ್ಲದವರಲ್ಲಿ, ಎಡ ಹೃತ್ಕುಕ್ಷಿಯ (ದೇಹಕ್ಕೆ ರಕ್ತ ತಳ್ಳುವ ಕೋಣೆ) ಇಜೆಕ್ಷನ್ ಫ್ರಾಕ್ಷನ್, ಅಂದರೆ ಪ್ರತಿ ಬಡಿತದಲ್ಲಿ ಅದು ಹೊರತಳ್ಳುವ ರಕ್ತದ ಪಾಲು, ಶೇ 60 ಅಥವಾ ಕಡಿಮೆಯಾದಾಗ, ಇಲ್ಲವೇ ಸಂಕುಚನದ ಕೊನೆಯಲ್ಲಿ ಆ ಕೋಣೆಯ ವ್ಯಾಸ 40 ಮಿಲಿಮೀಟರ್ ಮುಟ್ಟಿದಾಗ ಶಸ್ತ್ರಚಿಕಿತ್ಸೆ ಸೂಕ್ತ. ಈ 40 ಎಂಬ ಗಡಿ ಗಂಡಸರಿಗೂ ಹೆಂಗಸರಿಗೂ ಒಂದೇ, ದೇಹದ ಗಾತ್ರ ಮಾತ್ರ ಒಂದೇ ಅಲ್ಲ. ಸೆಂಟಿಮೀಟರಿನಲ್ಲಿರುವ ಎತ್ತರವನ್ನು ಕಿಲೋಗ್ರಾಂ ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ದೇಹದ ಮೇಲ್ಮೈ ವಿಸ್ತೀರ್ಣ ಸಿಗುತ್ತದೆ. 150 ಸೆಂ.ಮೀ. ಎತ್ತರದ, 50 ಕೆ.ಜಿ. ತೂಕದ ಮಹಿಳೆಗೆ ಅದು ಸುಮಾರು 1.44 ಚದರ ಮೀಟರ್. ಅವರ ಹೃತ್ಕುಕ್ಷಿಯ ಆ ವ್ಯಾಸ 36 ಮಿ.ಮೀ. ಇದ್ದರೆ ಪ್ರತಿ ಚದರ ಮೀಟರಿಗೆ 25 ಮಿ.ಮೀ. ಆಯಿತು. 172 ಸೆಂ.ಮೀ., 75 ಕೆ.ಜಿ.ಯ ಪುರುಷನಿಗೆ 40 ಮಿ.ಮೀ. ಇದ್ದರೂ ಈ ಲೆಕ್ಕ 21ರಷ್ಟೇ. ವರದಿಯಲ್ಲಿ "ಇನ್ನೂ ಗಡಿ ಮುಟ್ಟಿಲ್ಲ" ಎನಿಸಿಕೊಂಡ ಆಕೆಯ ಹೃದಯವೇ ದೇಹದ ಗಾತ್ರಕ್ಕೆ ಹೋಲಿಸಿದರೆ ಹೆಚ್ಚು ಹಿಗ್ಗಿದೆ. ಈ ಲೆಕ್ಕವನ್ನು ಹೃದ್ರೋಗ ತಜ್ಞರ ಮುಂದಿಟ್ಟು ಅವರ ಅಭಿಪ್ರಾಯ ಕೇಳಿ.

ಕವಾಟ ಕೆಟ್ಟ ಕಾರಣವನ್ನೂ ಸ್ಪಷ್ಟಪಡಿಸಿಕೊಳ್ಳಿ. ನಮ್ಮ ಕಡೆ ಇಂದಿಗೂ ಕಾಣುವ ರುಮ್ಯಾಟಿಕ್ ಮೈಟ್ರಲ್ ರೋಗ (ಗಂಟಲಿನ ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಡುವುದು) ಮಹಿಳೆಯರಲ್ಲೇ ಹೆಚ್ಚು. ಅದರಲ್ಲಿ ಕವಾಟದ ಎಸಳುಗಳು ದಪ್ಪಗಾಗಿ ಅಂಟಿಕೊಂಡಿರುವುದರಿಂದ ದುರಸ್ತಿ ಕಠಿಣ. ಹಾಗಾಗಿ ಶಸ್ತ್ರವೈದ್ಯರು ಇಂಥ ಕವಾಟಗಳಲ್ಲಿ ಎಷ್ಟನ್ನು ಉಳಿಸಿದ್ದಾರೆ, ದುರಸ್ತಿ ಆಗದಿದ್ದರೆ ಯಾವ ಕವಾಟ ಹಾಕುತ್ತಾರೆ ಎಂದು ನೇರವಾಗಿ ಕೇಳಬೇಕು. ಮಕ್ಕಳಾಗಬೇಕೆಂದಿರುವವರು ಅದನ್ನು ಮೊದಲೇ ಹೇಳಲೇಬೇಕು, ಏಕೆಂದರೆ ಲೋಹದ ಕವಾಟಕ್ಕೆ ಜೀವನಪರ್ಯಂತ ಬೇಕಾಗುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧ ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲದು.

ಸಣ್ಣ ಗಾಯದ ವಿಧಾನದಲ್ಲಿ ಹೃದಯ-ಶ್ವಾಸಕೋಶ ಯಂತ್ರದ ಕೊಳವೆಗಳನ್ನು ಸಾಮಾನ್ಯವಾಗಿ ತೊಡೆಸಂದಿನ ರಕ್ತನಾಳಗಳಿಂದ ತೂರಿಸುತ್ತಾರೆ. ಮಹಿಳೆಯರಲ್ಲಿ ಈ ನಾಳಗಳು ಕಿರಿದಾಗಿರುವುದರಿಂದ, ಸಿ.ಟಿ. ಸ್ಕ್ಯಾನ್‌ನಲ್ಲಿ ಅವುಗಳ ಅಳತೆ ನೋಡಿದ್ದಾರೆಯೇ ಎಂದು ವಿಚಾರಿಸಿ. ನಾಳ ತೀರಾ ಸಣ್ಣದಾಗಿದ್ದರೆ ಎದೆಮೂಳೆ ತೆರೆಯುವ ಹಳೆಯ ವಿಧಾನವೇ ಕ್ಷೇಮವಾಗಿರಬಹುದು. ಕೊಯ್ತವನ್ನು ಸ್ತನದ ಕೆಳಮಡಿಕೆಯಲ್ಲಿ ಮಾಡುತ್ತಾರೆಯೇ, ಅಲ್ಲಿ ಸ್ಪರ್ಶ ಮಂಕಾಗುವ ಸಾಧ್ಯತೆ ಎಷ್ಟು ಎಂದು ಕೇಳಲು ಸಂಕೋಚ ಬೇಡ. ರಕ್ತಹೀನತೆಯಿದ್ದರೆ ವಾರಗಳ ಮೊದಲೇ ಚಿಕಿತ್ಸೆ ಆರಂಭಿಸಿದಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಬೇರೆಯವರ ರಕ್ತ ಕೊಡಬೇಕಾದ ಪ್ರಮೇಯ ತಗ್ಗುತ್ತದೆ.

ಆಸ್ಪತ್ರೆಯಿಂದ ಹೊರಡುವ ಮುನ್ನ ಮತ್ತೆ ಎಕೋ ಮಾಡಿಸಿ, ಉಳಿದ ಸೋರಿಕೆ ಎಷ್ಟೆಂದು ಡಿಸ್ಚಾರ್ಜ್ ಸಾರಾಂಶದಲ್ಲಿ ಬರೆಸಿಕೊಳ್ಳಿ. ರುಮ್ಯಾಟಿಕ್ ರೋಗವಿದ್ದವರು ಮೂರು-ನಾಲ್ಕು ವಾರಕ್ಕೊಮ್ಮೆ ತೆಗೆದುಕೊಳ್ಳುತ್ತಿದ್ದ ಪೆನಿಸಿಲಿನ್ ಚುಚ್ಚುಮದ್ದನ್ನು, ಕವಾಟ ಸರಿಹೋಯಿತೆಂದು ತಾವಾಗಿಯೇ ನಿಲ್ಲಿಸಬಾರದು.